ಸಿಗರೇಟಿಲ್ಲ, ಕುಡಿತವಿಲ್ಲ, ವಯಸ್ಸು 27. ಆದರೂ ಬಿಪಿ ಯಾಕೆ?

ನಿಮ್ಮ ಪ್ರಶ್ನೆ ಓದಿದೆ. ಹಾವೇರಿ ಕಡೆಯಿಂದ ಬಂದು ಬೆಳ್ಳಂದೂರಿನ ಪಿಜಿಯಲ್ಲಿದ್ದೀರಿ, ಸಾಫ್ಟ್‌ವೇರ್ ಕೆಲಸ. ಯಾವ ಚಟವೂ ಇಲ್ಲ. ಆದರೂ ಆಫೀಸಿನ ಹೆಲ್ತ್ ಚೆಕಪ್‌ನಲ್ಲಿ ಬಿಪಿ 146/94 ಬಂತು. ಬೆಳಗ್ಗೆ ಎದ್ದಾಗಲೇ ಸುಸ್ತು, ರಾತ್ರಿ ನಿದ್ರೆ ಹತ್ತುವುದಿಲ್ಲ. ನಮ್ಮ ವಯಸ್ಸಿನವರಿಗೆ ಯಾಕೆ ಹೀಗಾಗುತ್ತಿದೆ, ಜಿಮ್ ಸೇರಿದರೆ ಸರಿಹೋಗುತ್ತಾ ಎಂದು ಕೇಳಿದ್ದೀರಿ. ಗಾಬರಿಯಾಗುತ್ತಾರೆ ಅಂತ ಊರಿನಲ್ಲಿ ಅಮ್ಮನಿಗೆ ಹೇಳಿಲ್ಲ ಎಂದೂ ಬರೆದಿದ್ದೀರಿ.

ಜಿಮ್ ಆಮೇಲೆ ನೋಡೋಣ. ಮೊದಲು ನಿಮ್ಮ ರಾತ್ರಿಯನ್ನು ಸರಿ ಮಾಡಿಕೊಳ್ಳಿ. ನಾನು ಹೇಳುವುದೆಲ್ಲ ಈ ಒಂದು ಮಾತಿನ ಸುತ್ತಲೇ ಇದೆ.

ನಾನು ಡಾಕ್ಟರ್ ಅಲ್ಲ, ನರ್ಸ್. ಮೊದಲು ಆಸ್ಪತ್ರೆಯ ವಾರ್ಡಿನಲ್ಲಿದ್ದೆ. ಈಗ ಕೆಲವು ವರ್ಷಗಳಿಂದ ಔಟರ್ ರಿಂಗ್ ರೋಡಿನ ಒಂದು ಟೆಕ್ ಪಾರ್ಕಿನ ಮೆಡಿಕಲ್ ರೂಮಿನಲ್ಲಿದ್ದೇನೆ. ಬರುವವರು ಬಹುತೇಕ 35ರ ಒಳಗಿನವರು. ತಲೆನೋವಿಗೆ ಮಾತ್ರೆ ಕೇಳಿಕೊಂಡು ಬರುತ್ತಾರೆ, ಬಂದಿದ್ದೀರಲ್ಲ, ಬಿಪಿ ನೋಡಿಬಿಡೋಣ ಎಂದು ಕೂರಿಸುತ್ತೇನೆ. ನಂಬರ್ ಕಂಡ ತಕ್ಷಣ ಹೆಚ್ಚಿನವರು ಹೇಳುವ ಮೊದಲ ಮಾತು, "ಸಿಸ್ಟರ್, ಮೆಷಿನ್ ಸರಿ ಇದೆಯಾ?" ಆಗ ನಾನು ಎರಡು ಪ್ರಶ್ನೆ ಕೇಳುತ್ತೇನೆ. ನಿನ್ನೆ ರಾತ್ರಿ ಊಟ ಎಷ್ಟು ಹೊತ್ತಿಗೆ ಆಯಿತು? ಮಲಗಿದ್ದು ಎಷ್ಟಕ್ಕೆ? ಹನ್ನೊಂದೂವರೆಗೆ ಊಟ, ಒಂದೂವರೆಗೆ ನಿದ್ರೆ. ಇದೇ ಉತ್ತರ ಎಷ್ಟು ಜನರಿಂದ ಕೇಳಿದ್ದೇನೆ ಎಂದರೆ ಈಗ ಅವರು ಬಾಯಿ ಬಿಡುವ ಮುಂಚೆಯೇ ನನಗೆ ಗೊತ್ತಾಗುತ್ತದೆ.

ಹೀಗೆ ಆಗುವುದು ಯಾರ ಸೋಮಾರಿತನದಿಂದಲೂ ಅಲ್ಲ. ಇಲ್ಲಿ ರಾತ್ರಿ 8.30 ಆದಾಗ ಕ್ಯಾಲಿಫೋರ್ನಿಯಾದಲ್ಲಿ ಬೆಳಗ್ಗೆ 8. ಅವರು ಆಫೀಸಿಗೆ ಕೂತ ಹೊತ್ತಿಗೆ ನಮ್ಮ ಹುಡುಗರ ಕಾಲ್ ಶುರು. ನವೆಂಬರ್‌ನಲ್ಲಿ ಅವರು ಗಡಿಯಾರ ಹಿಂದಕ್ಕೆ ಇಟ್ಟರೆ ಅದೇ ಕಾಲ್ ನಮಗೆ 9.30ಕ್ಕೆ ಜಾರುತ್ತದೆ. ಮಾರ್ಚ್‌ವರೆಗೆ ಊಟವೂ ಒಂದು ಗಂಟೆ ಮುಂದಕ್ಕೆ. ಇದರ ಮೇಲೆ ಟ್ರಾಫಿಕ್. ಟ್ರಾಫಿಕ್ ಅಳೆಯುವ ಟಾಮ್‌ಟಾಮ್ ಕಂಪನಿಯ 2022ರ ಲೆಕ್ಕದಲ್ಲಿ ಬೆಂಗಳೂರಿನ ನಡುಭಾಗದಲ್ಲಿ 10 ಕಿಲೋಮೀಟರ್ ಹೋಗಲು ಸರಾಸರಿ 29 ನಿಮಿಷ ಬೇಕಾಗಿತ್ತು. ಸಂಜೆ ಸಿಲ್ಕ್ ಬೋರ್ಡ್ ದಾಟಿ ಮನೆ ಸೇರುವವರಿಗೆ ಅಷ್ಟರಲ್ಲಿ ಮುಗಿದರೆ ಅದೇ ಪುಣ್ಯ. ಮನೆಗೆ ಬಂದು, ಕಾಲ್ ಮುಗಿಸಿ, ಆ್ಯಪ್‌ನಲ್ಲಿ ಬಿರಿಯಾನಿ ತರಿಸಿ ತಿಂದು, ಆಮೇಲೆ ಮೊಬೈಲ್ ಹಿಡಿದು ಮಲಗುತ್ತಾರೆ. ಆ ಮೊಬೈಲ್ ಹೊತ್ತನ್ನು ಬೈಯುವುದು ಸುಲಭ. ನನಗೆ ಬೈಯಲು ಮನಸ್ಸು ಬರುವುದಿಲ್ಲ. ಇಡೀ ದಿನದಲ್ಲಿ ತನ್ನದು ಅನ್ನಿಸುವ ಹೊತ್ತು ಅದೊಂದೇ, ಅದನ್ನು ಬಿಟ್ಟು ಮಲಗಲು ಯಾರಿಗೂ ಇಷ್ಟ ಆಗಲ್ಲ ಅಲ್ವಾ?

ಆದರೆ ದೇಹ ಇದನ್ನೆಲ್ಲ ಕೇಳುವುದಿಲ್ಲ. ಆರೋಗ್ಯವಂತರಲ್ಲಿ ನಿದ್ರೆಯ ಹೊತ್ತಿಗೆ ಬಿಪಿ ಶೇಕಡಾ 10ರಿಂದ 20ರಷ್ಟು ಇಳಿಯುತ್ತದೆ. ರಕ್ತನಾಳಗಳಿಗೆ ದಿನದಲ್ಲಿ ಸಿಗುವ ವಿರಾಮ ಅದೇ. ಐದೇ ಗಂಟೆ ನಿದ್ರೆಯಾದರೆ ಆ ವಿರಾಮವೂ ಕಡಿಮೆ. ನಿದ್ರೆ ಕಡಿಮೆಯಾದ ಮಾರನೇ ದಿನ ಹಸಿವು ಹೆಚ್ಚಿಸುವ ಹಾರ್ಮೋನು ಏರುತ್ತದೆ, ಹೊಟ್ಟೆ ತುಂಬಿತು ಎಂದು ಹೇಳುವ ಹಾರ್ಮೋನು ಇಳಿಯುತ್ತದೆ. ಇನ್ಸುಲಿನ್ ಕೂಡ ಸರಿಯಾಗಿ ಕೆಲಸ ಮಾಡುವುದಿಲ್ಲ. ಸಂಜೆ ಐದಕ್ಕೆ ಬೇಕರಿ ಮುಂದೆ ನಿಂತು ಪಫ್ಸ್, ಖಾರಾ ಬನ್ನು, ಸಕ್ಕರೆ ಜಾಸ್ತಿ ಇರುವ ಟೀ ಬೇಕೇ ಬೇಕು ಅನ್ನಿಸುವುದಕ್ಕೆ ಅರ್ಧ ಕಾರಣ ಹಿಂದಿನ ರಾತ್ರಿಯೇ. ಅದೇ ಊಟವನ್ನು ಸಂಜೆ ಏಳೂವರೆಗೆ ಉಂಡರೆ ಏರುವುದಕ್ಕಿಂತ ರಾತ್ರಿ ಹನ್ನೊಂದೂವರೆಗೆ ಉಂಡರೆ ರಕ್ತದಲ್ಲಿ ಸಕ್ಕರೆ ಜಾಸ್ತಿ ಏರುತ್ತದೆ, ಯಾಕೆಂದರೆ ಆ ಹೊತ್ತಿಗೆ ದೇಹ ಮಲಗಲು ತಯಾರಾಗಿರುತ್ತದೆ. ಒಂದೊಂದೇ ನೋಡಿದರೆ ಎಲ್ಲವೂ ಸಣ್ಣವು. ನಾಲ್ಕೈದು ವರ್ಷ ದಿನಾ ನಡೆದರೆ ಸಣ್ಣವಲ್ಲ.

ನಾನು ತೆಳ್ಳಗಿದ್ದೇನೆ, ನನಗೇನಾಗುತ್ತೆ ಎನ್ನುವವರೂ ಇದ್ದಾರೆ. ನಮ್ಮ ದೇಶದವರಲ್ಲಿ ತೂಕ ಕಡಿಮೆ ಇದ್ದರೂ ಹೊಟ್ಟೆಯೊಳಗೆ ಕೊಬ್ಬು ಸೇರುತ್ತದೆ. ಅದಕ್ಕೇ ನಮಗೆ ತೂಕದ ಯಂತ್ರಕ್ಕಿಂತ ಟೇಲರ್ ಟೇಪ್ ಜಾಸ್ತಿ ಹೇಳುತ್ತದೆ. ಹೊಟ್ಟೆಯ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು. ಕೇಂದ್ರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಐಸಿಎಂಆರ್ ಜೊತೆ ಸೇರಿ ಮಾಡಿದ ದೊಡ್ಡ ಸಮೀಕ್ಷೆಯೊಂದು 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ನಿಮ್ಮ ವಯಸ್ಸಿನವರು ನೋಡಬೇಕಾದ್ದು ಈ ಎರಡನೇ ಸಂಖ್ಯೆಯನ್ನು. ಹೊಸ್ತಿಲಿನಿಂದ ವಾಪಸ್ ಬರಬಹುದು.

ಹೃದಯದ ಭಯದ ಬಗ್ಗೆಯೂ ಹೇಳಬೇಕು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ಹೋದರು. ಆ ನೋವು ನಮ್ಮೆಲ್ಲರಲ್ಲೂ ಇನ್ನೂ ಇದೆ. ಆಮೇಲೆ ಜಯದೇವ ಆಸ್ಪತ್ರೆ ಮುಂದೆ ಸಾಲು ನಿಂತಿತು. 2025ರಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ಬಂದಾಗ ಮತ್ತೆ ಅದೇ ಸಾಲು. ಜಯದೇವದ ನಿರ್ದೇಶಕರ ನೇತೃತ್ವದ ಸಮಿತಿ ನೋಡಿ, ಹೃದಯಾಘಾತದ ಸಾವುಗಳು ಹಠಾತ್ತಾಗಿ ಏರಿಲ್ಲ ಎಂದು ವರದಿ ಕೊಟ್ಟಿತು. ಆ ಭಯದಲ್ಲಿ ಬಂದವರು ಏನು ಮಾಡುತ್ತಾರೆ ಎಂದು ನಾನು ಕಣ್ಣಾರೆ ನೋಡಿದ್ದೇನೆ. ಒಂದು ಇಸಿಜಿ ತೆಗೆಸುತ್ತಾರೆ, ನಾರ್ಮಲ್ ಎಂದು ಬಂದರೆ ನಿರಾಳವಾಗಿ ಹಳೇ ದಾರಿಗೆ ಹೋಗುತ್ತಾರೆ. ಸುಮ್ಮನೆ ಮಲಗಿದ್ದಾಗ ತೆಗೆದ ಇಸಿಜಿ ಆ ಕ್ಷಣದ ಹೃದಯವನ್ನು ತೋರಿಸುತ್ತದೆ. ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್ ಬಗ್ಗೆ ಅದು ಏನೂ ಹೇಳುವುದಿಲ್ಲ. ಜಯದೇವದಲ್ಲಿ 40ರೊಳಗಿನ ಹೃದ್ರೋಗಿಗಳ ದಾಖಲೆಯನ್ನೇ ಪ್ರತ್ಯೇಕವಾಗಿ ಇಡುತ್ತಿದ್ದಾರೆ, ಅದರಲ್ಲಿ ಸಿಗರೇಟು ದೊಡ್ಡ ಕಾರಣವಾಗಿ ಕಂಡಿದೆ. ನೀವು ಸೇದುವುದಿಲ್ಲ ಎಂದು ಓದಿ ನನಗೆ ನಿಜವಾಗಿ ಸಮಾಧಾನವಾಯಿತು. ಟೀ ಅಂಗಡಿ ಮುಂದೆ ಗೆಳೆಯರ ಜೊತೆ ನಿಂತಾಗಲೂ ಹಾಗೇ ಇರಿ.

ಇಲ್ಲೇ ಇನ್ನೊಂದು ಮಾತು. ನಿಮ್ಮನ್ನು ಮನೆಗೆ ಬಿಡುವ ಕ್ಯಾಬ್ ಡ್ರೈವರ್, ಹನ್ನೊಂದಕ್ಕೆ ಬಿರಿಯಾನಿ ತರುವ ಹುಡುಗ, ಇವರೂ ನಿಮ್ಮದೇ ವಯಸ್ಸಿನವರು. ಅವರದು ಇನ್ನೂ ಉದ್ದದ ದಿನ. ಊಟಕ್ಕೆ ಹೊತ್ತಿಲ್ಲ, ಮೂತ್ರಕ್ಕೆ ಹೋಗಲು ಜಾಗವಿಲ್ಲ, ಅದಕ್ಕೇ ನೀರೂ ಕುಡಿಯುವುದಿಲ್ಲ. ಅವರಿಗೆ ಮೆಡಿಕಲ್ ರೂಮೂ ಇಲ್ಲ, ವರ್ಷದ ಚೆಕಪ್ಪೂ ಇಲ್ಲ. ನಮ್ಮ ಗೇಟಿನಲ್ಲಿ ಕಾಯುವ ಡ್ರೈವರ್‌ಗಳು ಕೇಳಿದರೆ ನಾನು ಬಿಪಿ ನೋಡಿ ಕಳಿಸುತ್ತೇನೆ. ಬಿಬಿಎಂಪಿ ಕಾಲದಲ್ಲಿ ವಾರ್ಡ್ ವಾರ್ಡಿಗೆ ಶುರುವಾದ, ‘ನಮ್ಮ ಕ್ಲಿನಿಕ್’ ಎಂಬ ಸರ್ಕಾರಿ ಕ್ಲಿನಿಕ್‌ಗಳಲ್ಲಿ ಬಿಪಿ, ಸಕ್ಕರೆ ಪರೀಕ್ಷೆ ಉಚಿತ. ಪರಿಚಯದ ಡ್ರೈವರ್ ಇದ್ದರೆ ದಯವಿಟ್ಟು ಹೇಳಿ.

ಈಗ ನಿಮ್ಮ 146/94. ಒಂದೇ ಸಲದ ನಂಬರ್ ನೋಡಿ ಕಾಯಿಲೆ ಎಂದು ತೀರ್ಮಾನ ಮಾಡಬೇಡಿ, ಮೆಷಿನ್ ತಪ್ಪು ಎಂದು ಬಿಡಲೂ ಬೇಡಿ. ತೋಳಿಗೆ ಪಟ್ಟಿ ಕಟ್ಟುವ ಬಿಪಿ ಮೆಷಿನ್ ಒಂದು ಕೊಳ್ಳಿ, ಪಿಜಿಯಲ್ಲಿ ನಾಲ್ಕು ಜನ ಸೇರಿ ತೆಗೆದುಕೊಂಡರೂ ಆಯಿತು. ಒಂದು ವಾರ ಬೆಳಗ್ಗೆ, ಸಂಜೆ ನೋಡಿ ಬರೆದಿಡಿ. ಅರ್ಧ ಗಂಟೆ ಮುಂಚೆ ಕಾಫಿ ಬೇಡ. ಮೂತ್ರಕ್ಕೆ ಹೋಗಿ ಬಂದು, ಬೆನ್ನು ಒರಗಿಸಿ, ಪಾದ ನೆಲಕ್ಕೆ ಊರಿ ಐದು ನಿಮಿಷ ಸುಮ್ನೆ ಕೂತು, ಆಮೇಲೆ ನೋಡಿ. ಕೈ ಎದೆಯ ಮಟ್ಟಕ್ಕಿರಲಿ. ಮಾತಾಡಬೇಡಿ, ಮೊಬೈಲೂ ಬೇಡ. ಮನೆಯಲ್ಲಿ ನೋಡಿದ ಸರಾಸರಿ 135/85 ದಾಟಿದರೆ ಆ ಚೀಟಿ ಹಿಡಿದು ಫಿಜಿಷಿಯನ್ ಹತ್ತಿರ ಹೋಗಿ. ಇಷ್ಟು ಚಿಕ್ಕ ವಯಸ್ಸಿಗೆ ಬಿಪಿ ಬಂದರೆ ಕಿಡ್ನಿ, ಥೈರಾಯ್ಡ್ ಸರಿ ಇದೆಯಾ ಎಂದು ಅವರು ನೋಡುತ್ತಾರೆ. ಮೂರು ತಿಂಗಳ ಸಕ್ಕರೆ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯನ್ನೂ ಕೇಳಿ ಮಾಡಿಸಿ. ಅದು 5.7ಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದು, 6.5 ಮುಟ್ಟಿದರೆ ಸಕ್ಕರೆ ಕಾಯಿಲೆ. ಜೋರಾಗಿ ಗೊರಕೆ ಹೊಡೆಯುತ್ತೀರಾ ಎಂದು ರೂಮ್‌ಮೇಟ್‌ನನ್ನು ಕೇಳಿ. ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆಯಿದ್ದರೂ ಹೀಗೇ ಸುಸ್ತು, ಬಿಪಿ ಎರಡೂ ಬರುತ್ತವೆ. ತಲೆನೋವು, ಬೆನ್ನುನೋವಿಗೆ ಪದೇಪದೇ ನೋವಿನ ಮಾತ್ರೆ ನುಂಗುತ್ತಿದ್ದರೆ ಅದನ್ನೂ ಮುಚ್ಚಿಡಬೇಡಿ, ಕೆಲವು ಮಾತ್ರೆಗಳು ಬಿಪಿ ಏರಿಸುತ್ತವೆ. ಡಾಕ್ಟರ್ ಬಿಪಿ ಮಾತ್ರೆ ಬರೆದರೆ, ಇಷ್ಟು ಬೇಗ ಶುರುವಾಯಿತಲ್ಲ ಎಂದು ಹೆದರಿ ಬಿಡಬೇಡಿ.

ಎದೆ ಬಿಗಿದು, ದವಡೆಗೋ ಎಡಗೈಗೋ ನೋವು ಹರಿದು, ಬೆವರು ಬಂದರೆ ಗ್ಯಾಸ್ ಎಂದು ಪುಡಿ ಕಲಸಿ ಕುಡಿದು ಮಲಗಬೇಡಿ. ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ, ಇಲ್ಲವೇ 108ಕ್ಕೆ ಫೋನ್ ಮಾಡಿ. ಬೈಕ್ ಹತ್ತಿ ಒಬ್ಬರೇ ಹೋಗಬೇಡಿ.

ಇನ್ನು ರಾತ್ರಿ. ನೀವು ಬದಲಿಸಬೇಕಾದ ಮೊದಲ ವಿಷಯ ಊಟದ ಹೊತ್ತು. ಕಾಲ್ ಮುಗಿದ ಮೇಲೆ ಊಟ ಎನ್ನುವುದನ್ನು ಬಿಡಿ, ಊಟ ಮುಗಿಸಿ ಕಾಲ್‌ಗೆ ಕೂರಿ. ಪಿಜಿಯಲ್ಲಿ ಏಳೂವರೆಗೆ ಅಡುಗೆ ಆಗಿರುವುದಿಲ್ಲ ಎಂದು ಗೊತ್ತು. ನೀವು ಹಾವೇರಿಯವರು, ಮನೆಯಿಂದ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ತಂದಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ಜೊತೆಗೆ ಮೊಸರು, ಸೌತೆಕಾಯಿ, ನೆನೆಸಿದ ಹೆಸರುಕಾಳು ಇದ್ದರೆ ಅಡುಗೆಮನೆಯೂ ಬೇಡ. ಇಲ್ಲದ ದಿನ ಆಫೀಸಿನಿಂದ ಬರುವ ದಾರಿಯಲ್ಲಿ ದರ್ಶಿನಿಯಲ್ಲಿ ಇಡ್ಲಿಯೋ ಚಪಾತಿ ಪಲ್ಯವೋ ತಿಂದುಬಿಡಿ. ಚಟ್ನಿಪುಡಿ, ಉಪ್ಪಿನಕಾಯಿಯಲ್ಲಿ ಕೈ ಹಿಡಿತ ಇರಲಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ ಒಂದು ಟೀ ಚಮಚದೊಳಗೆ. ಹೊರಗಿನ ಒಂದು ಬಿರಿಯಾನಿ, ಒಂದು ಪ್ಯಾಕೆಟ್ ಚಿಪ್ಸ್ ತಿಂದ ದಿನ ಅದು ಎಲ್ಲಿ ಉಳಿಯುತ್ತದೆ?

ಕಾಫಿ ಮಧ್ಯಾಹ್ನ ಮೂರಕ್ಕೆ ಮುಗಿಸಿ. ಕುಡಿದ ಕೆಫೀನ್‌ನಲ್ಲಿ ಅರ್ಧ ಇಳಿಯಲು ಸುಮಾರು ಐದು ಗಂಟೆ ಬೇಕು. ಆರಕ್ಕೆ ಬೈಟು ಕುಡಿದರೆ ಹನ್ನೊಂದಕ್ಕೂ ಅದರ ಅರ್ಧ ಮೈಯಲ್ಲೇ ಇರುತ್ತದೆ.

ಆಮೇಲೆ ನಡಿಗೆ. ವಾರಕ್ಕೆ 150 ನಿಮಿಷ ಎಂದರೆ ದೊಡ್ಡದು ಅನ್ನಿಸುತ್ತದೆ, ದಿನಕ್ಕೆ ಭಾಗ ಮಾಡಿದರೆ 22 ನಿಮಿಷ. ಬೆಳ್ಳಂದೂರಿನ ಫುಟ್‌ಪಾತ್ ಕಥೆ ನನಗೂ ಗೊತ್ತು, ಪಿಜಿ ಟೆರೇಸಿನಲ್ಲೇ ನಡೆಯಿರಿ. ಬರೀ ಕೇಳಿಸಿಕೊಳ್ಳುವ ಕಾಲ್ ಇದ್ದರೆ ಇಯರ್‌ಫೋನ್ ಹಾಕಿಕೊಂಡು ನಡೆಯುತ್ತಲೇ ಕೇಳಿ. ಬಿಪಿ ಹಿಡಿತಕ್ಕೆ ಬಂದ ಮೇಲೆ ಡಾಕ್ಟರನ್ನು ಕೇಳಿ ಜಿಮ್ ಸೇರಿ. ಅಲ್ಲಿ ಪ್ರೀ-ವರ್ಕೌಟ್ ಪುಡಿ ಕೊಟ್ಟರೆ ಬೇಡ ಅನ್ನಿ, ಅದರಲ್ಲಿ ಕೆಫೀನ್ ತುಂಬಾ ಇರುತ್ತದೆ.

ಇಷ್ಟೆಲ್ಲ ಮಾಡಿದರೂ ಕೆಲಸದ ಹೊತ್ತು ಕಡಿಮೆಯಾಗದಿದ್ದರೆ ಪ್ರಯೋಜನ ಅಷ್ಟಕ್ಕಷ್ಟೇ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಹೇಳುವುದು ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. 2024ರಲ್ಲಿ ಐಟಿಯವರಿಗೆ ದಿನಕ್ಕೆ 14 ಗಂಟೆವರೆಗೆ ಕೆಲಸ ಮಾಡಿಸಲು ಅವಕಾಶ ಕೊಡುವ ಪ್ರಸ್ತಾಪ ಬಂದಾಗ ನೌಕರರ ಸಂಘ ಬೀದಿಗಿಳಿಯಿತು. ಅವರು ವಿರೋಧಿಸಿದ್ದು ಸರಿ. ಆ ಐದು ಗಂಟೆ ಎಲ್ಲಿಂದ ಬರುತ್ತಿತ್ತು? ನಿದ್ರೆಯಿಂದಲೇ. ನಿಮ್ಮ ಮ್ಯಾನೇಜರ್ ಹತ್ತಿರ ಬಿಪಿ ವಿಷಯ ಹೇಳಿ. ಎಲ್ಲ ಕಾಲ್‌ಗೂ ನೀವೇ ಇರಬೇಕಾ, ವಾರಕ್ಕೆ ಎರಡು ದಿನ ಬೇರೆಯವರು ಕೂರಬಹುದಾ, ರೆಕಾರ್ಡಿಂಗ್ ಬೆಳಗ್ಗೆ ಕೇಳಿದರೆ ಸಾಕಾ ಎಂದು ಕೇಳಿ. ಹೀಗೆ ಕೇಳಿ ಒಪ್ಪಿಸಿದವರನ್ನು ನೋಡಿದ್ದೇನೆ.

ದೀಪ ಆರಿಸಿ ಮಲಗಿದ ಮೇಲೂ ಇಎಂಐ, ಲೇಆಫ್, ಅಪ್ರೈಸಲ್ ಎಂದು ತಲೆ ಓಡುತ್ತಲೇ ಇದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್, ಉಚಿತ, ಯಾವ ಹೊತ್ತಿಗೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮೊಬೈಲ್ ಬಿಡಲಾಗುತ್ತಿಲ್ಲ ಎಂದರೆ ಅದಕ್ಕೂ ನಿಮ್ಹಾನ್ಸ್‌ನಲ್ಲಿ ಶಟ್ ಎಂಬ ಕ್ಲಿನಿಕ್ 2014ರಿಂದ ಇದೆ. ಹೋಗಲು ನಾಚಿಕೆ ಬೇಡ.

ಅಮ್ಮನಿಗೆ ಹೇಳಿ. ಗಾಬರಿಯಾಗುತ್ತಾರೆ, ನಿಜ. ಆದರೆ ಡಾಕ್ಟರ್ ನಿಮ್ಮನ್ನು ಕೇಳುವ ಮೊದಲ ಪ್ರಶ್ನೆಗಳ ಉತ್ತರ ಇರುವುದು ಅವರ ಹತ್ತಿರ. ಅಪ್ಪನಿಗೆ ಬಿಪಿ ಯಾವ ವಯಸ್ಸಿಗೆ ಬಂತು? ಮನೆಯಲ್ಲಿ ಯಾರಿಗೆ ಸಕ್ಕರೆ ಇದೆ? ಅಪ್ಪನಿಗೋ ಅಣ್ಣತಮ್ಮಂದಿರಿಗೋ 55ರೊಳಗೆ, ಅಮ್ಮನಿಗೋ ಅಕ್ಕತಂಗಿಯರಿಗೋ 65ರೊಳಗೆ ಹೃದಯದ ತೊಂದರೆ ಬಂದಿತ್ತಾ? ಇಷ್ಟನ್ನು ಕೇಳಿ, ಬಿಪಿ ಬರೆದ ಅದೇ ಚೀಟಿಯ ಹಿಂದೆ ಬರೆದುಕೊಂಡು ಹೋಗಿ. ಅಪ್ಪ ಅಮ್ಮ ತಮ್ಮ ಬಿಪಿ ಕೊನೆಗೆ ನೋಡಿಸಿದ್ದು ಯಾವಾಗ ಎಂದೂ ಕೇಳಿಬಿಡಿ.