ಹೆಸರೇ ಗೊತ್ತಿಲ್ಲದವನಿಗೆ ದುಡ್ಡು ಕೊಡುವ ಧೈರ್ಯ ಎಲ್ಲಿಂದ ಬರುತ್ತದೆ?

ಡಾರ್ಕ್‌ನೆಟ್‌ನಲ್ಲಿ, ಅಂದರೆ ಗುರುತು ಮುಚ್ಚಿಡುವ ವಿಶೇಷ ಸಾಫ್ಟ್‌ವೇರ್ ಇದ್ದರಷ್ಟೇ ಸಿಗುವ ಇಂಟರ್ನೆಟ್ಟಿನ ಮೂಲೆಯಲ್ಲಿ, ಡ್ರಗ್ಸ್ ಕೊಳ್ಳುವವನು ಮೋಸ ಹೋದರೆ ಪೊಲೀಸರ ಹತ್ತಿರ ದೂರು ಕೊಡುವ ಹಾಗಿಲ್ಲ, ಆದರೂ ಅಲ್ಲಿ ವ್ಯಾಪಾರ ಹೇಗೆ ನಡೆಯುತ್ತದೆ ಎಂದು ಕೇಳಿದ್ದೀರಿ. ನಾನು ಅರ್ಥಶಾಸ್ತ್ರ ಓದಿದವನು. ಈ ಮಾರುಕಟ್ಟೆಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುವ ಹುಚ್ಚಿದೆ. ಅಲ್ಲಿಂದ ಏನೂ ತರಿಸಿದವನಲ್ಲ, ಮೊದಲೇ ಹೇಳಿಬಿಡುತ್ತೇನೆ!

ಈ ದಾರಿ ತೋರಿಸಿದ್ದು 2011ರಲ್ಲಿ ಶುರುವಾದ ಸಿಲ್ಕ್ ರೋಡ್ ಎಂಬ ಡಾರ್ಕ್‌ನೆಟ್ ಮಾರುಕಟ್ಟೆ. ಅಲ್ಲಿ ಬಿಟ್‌ಕಾಯಿನ್ ನೇರ ಮಾರುವವನ ಕೈಗೆ ಹೋಗುತ್ತಿರಲಿಲ್ಲ. ನಮ್ಮ ಕಡೆ ದಲ್ಲಾಳಿ ಮುಂಗಡ ಇಟ್ಟುಕೊಳ್ಳುವ ಹಾಗೆ ಸೈಟೇ ಇಟ್ಟುಕೊಳ್ಳುತ್ತಿತ್ತು. ಸರಕು ಬಂತು ಎಂದು ಕೊಂಡವನು ಹೇಳಿದ ಮೇಲೆ ಕಮಿಷನ್ ಮುರಿದುಕೊಂಡು ಉಳಿದದ್ದು ಕೊಡುತ್ತಿತ್ತು. ಇದಕ್ಕೆ ಎಸ್ಕ್ರೋ ಎನ್ನುತ್ತಾರೆ.

ಇದರ ಜೊತೆಗೆ ಕೊಂಡವರು ಮಾರುವವನಿಗೆ ಕೊಡುವ, ಐದಕ್ಕೆ ಇಷ್ಟು ಎಂಬ ಅಂಕ. ತಮಾಷೆ ಇರುವುದು ಇಲ್ಲೇ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ನಿಕೋಲಸ್ ಕ್ರಿಸ್ಟಿನ್ 2012ರಲ್ಲಿ ಕೆಲವು ತಿಂಗಳು ಈ ಅಂಕಗಳನ್ನು ಕಲೆಹಾಕಿದರು. ನೂರಕ್ಕೆ ಸುಮಾರು 98 ಒಳ್ಳೆಯ ಅಭಿಪ್ರಾಯಗಳೇ! ಕ್ಲಾಸಿನಲ್ಲಿ ಎಲ್ಲರೂ ಫಸ್ಟ್ ಬಂದರೆ ಆ ಅಂಕಕ್ಕೇನು ಬೆಲೆ, ಅಲ್ವಾ? ಹಾಗಾಗಿ ಕೊಳ್ಳುವವರ ಕಣ್ಣು ಬೀಳುವುದು ಆ ನಾಲ್ಕಾರು ಬೈಗುಳಗಳ ಮೇಲೆ, ಮಾರುವವನು ಎಷ್ಟು ದಿನದಿಂದ ಅಂಗಡಿ ಇಟ್ಟಿದ್ದಾನೆ ಎಂಬುದರ ಮೇಲೆ.

ಮಾರುವವನಿಗೂ ಅವನದೇ ಲೆಕ್ಕ. ಹೊಸಬನಾದರೆ ಹೆಸರು ಮಾಡಲು ಕಡಿಮೆಗೆ ಕೊಡುತ್ತಾನೆ. ಕಸ್ಟಮ್ಸ್ ಭಯಕ್ಕೆ ಎಷ್ಟೋ ಜನ ಹೊರದೇಶಕ್ಕೆ ಕಳಿಸುವುದೇ ಇಲ್ಲ. ಹೆಸರು ಮಾಡಿದವನು ಮಾತ್ರ, ಸರಕು ತಲುಪುವ ಮೊದಲೇ ದುಡ್ಡು ಬಿಡಿಸಿಕೊಡಿ ಎಂದು ಕೇಳಬಲ್ಲ. ಅಪಾಯ ಇರುವುದೂ ಅವನ ಹತ್ತಿರವೇ. ವರ್ಷಗಟ್ಟಲೆ ಪ್ರಾಮಾಣಿಕವಾಗಿದ್ದು, ಕೊನೆಗೊಂದು ದಿನ ರಾಶಿ ಆರ್ಡರ್ ತೆಗೆದುಕೊಂಡು ಮಾಯವಾಗುವ ಆಸೆ ಯಾರಿಗಿಲ್ಲ? ದಲ್ಲಾಳಿಗೂ ಇರುತ್ತದೆ. ಎವಲ್ಯೂಷನ್ ಎಂಬ ಮಾರುಕಟ್ಟೆ ನಡೆಸುತ್ತಿದ್ದವರು 2015ರ ಮಾರ್ಚ್‌ನಲ್ಲಿ ಎಸ್ಕ್ರೋ ಹಣದ ಸಮೇತ ಪರಾರಿಯಾದರು.

ಇನ್ನು ನಿಮ್ಮ ಪೊಲೀಸ್ ದೂರಿನ ಮಾತು. 2017ರ ಜುಲೈನಲ್ಲಿ ಆಲ್ಫಾಬೇ ಎಂಬ ಇಂಥದ್ದೇ ಮಾರುಕಟ್ಟೆ ಬಂದ್ ಆದಾಗ ಜನ ಹ್ಯಾನ್ಸಾ ಎಂಬ ಇನ್ನೊಂದು ಸಂತೆಗೆ ನುಗ್ಗಿದರು. ಹೊಸಬರ ಸಂಖ್ಯೆ ಎಂಟು ಪಟ್ಟಾಯಿತು. ಅದನ್ನು ಜೂನ್‌ನಿಂದಲೇ ಗುಟ್ಟಾಗಿ ನಡೆಸುತ್ತಿದ್ದವರು ನೆದರ್ಲೆಂಡ್ಸ್ ಪೊಲೀಸರು. ಸುಮಾರು ಒಂದು ತಿಂಗಳು ಕೊಳ್ಳುವವರ ವಿಳಾಸಗಳನ್ನು ಬರೆದಿಟ್ಟುಕೊಂಡರು. ಸುಮ್ನೆ ಕೂರಲಿಲ್ಲ, ಸರಕು ಬಂದಿಲ್ಲ ಎಂಬ ಗಿರಾಕಿಗಳ ಜಗಳಗಳನ್ನೂ ಅವರೇ ಕೂತು ಬಗೆಹರಿಸಿದರು.