‘ಆ’, ‘ಆಂ’, ‘ಓ’: ತುಲೂಜ್‌ಗೆ ಬರುವವರಿಗೊಂದು ಉತ್ತರ

ಧಾರವಾಡದಿಂದ ತುಲೂಜ್‌ಗೆ ಓದಲು ಬರುತ್ತಿದ್ದೀರಿ, ಒಳ್ಳೆಯದು. ಚಳಿಗೆ ಹೆದರಬೇಡಿ, ಇದು ಫ್ರಾನ್ಸಿನ ದಕ್ಷಿಣದ ಊರು. ಅಕ್ಕಿ, ಬೇಳೆ ಸಿಗುತ್ತವೆ. ಬಂದ 3 ತಿಂಗಳೊಳಗೆ ವೀಸಾವನ್ನು ಆನ್‌ಲೈನಿನಲ್ಲಿ ವ್ಯಾಲಿಡೇಟ್ ಮಾಡಿಸುವುದು ಮಾತ್ರ ಮರೆಯಬೇಡಿ.

ಇನ್ನು ನಿಮ್ಮ ಕೊನೆಯ ಪ್ರಶ್ನೆ: ಫ್ರೆಂಚಿನಲ್ಲಿ ‘ಗೆ’, ‘ಅಲ್ಲಿ’ ಎನ್ನಲು ಊರು, ದೇಶಗಳ ಹೆಸರಿಗೆ ಮೊದಲು ಒಮ್ಮೆ ‘ಆ’, ಒಮ್ಮೆ ‘ಆಂ’, ಒಮ್ಮೆ ‘ಓ’ ಅಂತಾರೆ, ಇದನ್ನು ಕಲಿಯದೆ ನಡೆಯುತ್ತದೆಯೇ? ನಡೆಯುತ್ತದೆ. ಆದರೆ ಇಲ್ಲಿಗೆ ಬಂದ ಹೊಸದರಲ್ಲಿ ಎಲ್ಲರೂ ಕೇಳುವುದು ಒಂದೇ: ಎಲ್ಲಿಯವರು, ಎಲ್ಲಿದ್ದಿರಿ, ರಜೆಗೆ ಎಲ್ಲಿಗೆ ಹೋಗ್ತೀರಿ. ಉತ್ತರದಲ್ಲೆಲ್ಲ ಊರಿನ ಹೆಸರೇ. ಹಾಗಾಗಿ ಇದನ್ನು ಮೊದಲೇ ಕಲಿತುಬಿಡಿ.

ಪುಸ್ತಕದಲ್ಲಿರುವ ಕೋಷ್ಟಕ ಬಾಯಿಪಾಠ ಮಾಡಬೇಡಿ. ನಿಮ್ಮದೇ ವಿಳಾಸ ಸಾಕು: ‘ಆ ಧಾರವಾಡ್, ಓ ಕರ್ನಾಟಕ, ಆನ್ ಆ್ಯಂದ್’. ಊರಿಗೆ ‘ಆ’. ಕರ್ನಾಟಕ ಫ್ರೆಂಚರಿಗೆ ಪುಲ್ಲಿಂಗ, ಅದಕ್ಕೆ ‘ಓ’. ಇಂಡಿಯಾ ಸ್ತ್ರೀಲಿಂಗ, ಅದಕ್ಕೆ ‘ಆಂ’; ಮುಂದೆ ಸ್ವರ ಬಂದದ್ದರಿಂದ ಅದು ‘ಆನ್’ ಎಂದು ಕೇಳಿಸುತ್ತದೆ. (ಕರ್ನಾಟಕ ಎಂದರೆ ಹೆಚ್ಚಿನವರಿಗೆ ಗೊತ್ತಾಗುವುದಿಲ್ಲ, ‘ಬೆಂಗಳೂರಿನ ಹತ್ತಿರ’ ಅಂದುಬಿಡಿ. ಧಾರವಾಡದವರು ಇದನ್ನು ಹೊಟ್ಟೆಗೆ ಹಾಕಿಕೊಳ್ಳಬೇಕು!)

ಇದು ನಮಗೆ ಪೂರ್ತಿ ಹೊಸದೇನಲ್ಲ. ಧಾರವಾಡಕ್ಕೆ, ಹುಬ್ಬಳ್ಳಿಗೆ, ಮೈಸೂರಿಗೆ ಎಂದು ನಾವು ಯೋಚಿಸದೆ ಹೇಳುತ್ತೇವೆ. ಹೊಸಬರೊಬ್ಬರು ‘ಧಾರವಾಡಗೆ’ ಅಂದರೂ ಬಸ್ಸು ತೋರಿಸುತ್ತೇವೆ. ನಮ್ಮಲ್ಲಿ ಹೆಸರಿನ ಕೊನೆ ನೋಡಬೇಕು, ಇಲ್ಲಿ ಲಿಂಗ ನೋಡಬೇಕು, ಅಷ್ಟೇ. ಒಂದು ಅನುಕೂಲವೂ ಇದೆ: ‘ಪ್ಯಾರಿಸ್‌ಗೆ’, ‘ಪ್ಯಾರಿಸ್‌ನಲ್ಲಿ’ ಎರಡಕ್ಕೂ ‘ಆ ಪಾರಿ’ ಒಂದೇ. ಹೋಗುವುದೋ ಇರುವುದೋ ಕ್ರಿಯಾಪದ ಹೇಳುತ್ತದೆ.

ದೇಶದ ಹೆಸರನ್ನು ‘ಲ’ (ಪುಲ್ಲಿಂಗ) ಅಥವಾ ‘ಲಾ’ (ಸ್ತ್ರೀಲಿಂಗ) ಸೇರಿಸಿಯೇ ಕಲಿಯಿರಿ: ಲಾ ಫ್ರಾಂಸ್, ಲ ಜಪೋಂ, ಲ ಕನಡಾ. ‘ಲಾ’ ಇದ್ದರೆ ‘ಆಂ’, ‘ಲ’ ಇದ್ದರೆ ‘ಓ’. ಬರೆಯುವಾಗ ‘e’ ಅಕ್ಷರದಿಂದ ಮುಗಿಯುವ ದೇಶಗಳು ಬಹುಮಟ್ಟಿಗೆ ಸ್ತ್ರೀಲಿಂಗ. ಮೆಕ್ಸಿಕೋ, ಕಾಂಬೋಡಿಯಾ, ಮೊಜಾಂಬಿಕ್, ಜಿಂಬಾಬ್ವೆಯಂಥ ಕೆಲವು ಮಾತ್ರ ಹಟ ಹಿಡಿದು ಪುಲ್ಲಿಂಗವಾಗಿಯೇ ಉಳಿದಿವೆ. ಹೆಸರು ಸ್ವರದಿಂದ ಶುರುವಾದರೆ ಲಿಂಗದ ಚಿಂತೆಯೇ ಬೇಡ. ಇರಾನ್, ಇರಾಕ್ ಪುಲ್ಲಿಂಗವಾದರೂ ‘ಆನ್ ಇರಾನ್’, ‘ಆನ್ ಇರಾಕ್’. ‘ಓ ಇರಾನ್’ ಎಂದರೆ ಎರಡು ಸ್ವರ ಡಿಕ್ಕಿ ಹೊಡೆದಂತೆ ಫ್ರೆಂಚರ ಕಿವಿಗೆ ಕೇಳುತ್ತದೆ. ಬಹುವಚನದ ನೆದರ್ಲೆಂಡ್ಸ್, ಮಾಲ್ಡೀವ್ಸ್‌ಗಳಿಗೂ ಕೇಳಿಸುವುದು ‘ಓ’ ಎಂದೇ, ಬರವಣಿಗೆಯಲ್ಲಿ ಮಾತ್ರ ಬೇರೆ. ಅಮೆರಿಕವೂ (‘ಎತಾಜ್ ಯುನಿ’) ಬಹುವಚನವೇ, ಆದರೆ ಮುಂದೆ ಸ್ವರ ಇರುವುದರಿಂದ ಅಲ್ಲಿ ‘ಓಜ್’ ಎಂದು ಕೇಳಿಸುತ್ತದೆ.

ತಪ್ಪಿದರೆ ಅರ್ಥವೇ ಬದಲಾಗುವ ಜಾಗಗಳು ಕಡಿಮೆ, ಅವನ್ನು ಮಾತ್ರ ಗಟ್ಟಿ ಮಾಡಿಕೊಳ್ಳಿ. ‘ಆ ಕೆಬೆಕ್’ ಎಂದರೆ ಕ್ವಿಬೆಕ್ ನಗರದಲ್ಲಿ, ‘ಓ ಕೆಬೆಕ್’ ಎಂದರೆ ಆ ಪ್ರಾಂತ್ಯದಲ್ಲಿ. ಗೆಳೆಯನಿಗೆ ‘ಓ ಕೆಬೆಕ್’ ಕೆಲಸ ಸಿಕ್ಕಿದೆ ಎಂದರೆ ಅವನು ಮಾಂಟ್ರಿಯಲ್‌ನಲ್ಲೂ ಇರಬಹುದು. ಲಕ್ಸೆಂಬರ್ಗ್‌ಗೂ ಇದೇ ಲೆಕ್ಕ, ರಾಜಧಾನಿಗೂ ದೇಶಕ್ಕೂ ಒಂದೇ ಹೆಸರು.

ಊರಿನ ಹೆಸರಲ್ಲೇ ‘ಲ’ ಅಡಗಿದ್ದರೆ ಅದೂ ಕರಗುತ್ತದೆ. 1923ರಿಂದ 24 ಗಂಟೆಯ ಕಾರ್ ರೇಸ್ ನಡೆಯುವ ‘ಲ ಮಾಂ’ಗೆ ಹೋಗುವಾಗ ‘ಓ ಮಾಂ’. ಬಂದರಿನ ಊರು ‘ಲ ಆವ್ರ್’ ಹೋಗಿ ‘ಓ ಆವ್ರ್’. ‘ಲಾ’ ಮಾತ್ರ ಕರಗುವುದಿಲ್ಲ: ‘ಆ ಲಾ ರೊಶೆಲ್’. ಪೋಪರು 14ನೇ ಶತಮಾನದಲ್ಲಿದ್ದ ಅವಿನ್ಯೋಂಗೆ ಕೆಲವರು ‘ಆನ್ ಅವಿನ್ಯೋಂ’ ಎನ್ನುತ್ತಾರೆ. ನೀವು ‘ಆ’ ಎಂದೇ ಹೇಳಿ, ತಪ್ಪೇನಿಲ್ಲ.

ದ್ವೀಪಗಳಿಗೆ ನಿಯಮ ಹುಡುಕಲು ಹೋಗಬೇಡಿ. ‘ಆ ಕ್ಯುಬಾ’, ಆದರೆ ‘ಆಂ ಕೋರ್ಸ್’ (ಕಾರ್ಸಿಕಾ), ಆದರೆ ‘ಓ ಶ್ರೀಲಂಕಾ’. ಕೇಳಿದಂತೆ ಒಪ್ಪಿಕೊಳ್ಳಿ.

‘ಇಂದ’ ಹೇಳಲು ‘ದ’: ‘ದ ಧಾರವಾಡ್’, ‘ದ್ಯೂ ಕರ್ನಾಟಕ’, ‘ದ್ ಆ್ಯಂದ್’. ಡಾಕ್ಟರು, ಕ್ಷೌರಿಕರಂಥ ವ್ಯಕ್ತಿಗಳ ಬಳಿಗೆ ಹೋಗುವಾಗ ಈ ಯಾವುದೂ ಅಲ್ಲ, ‘ಷೇ’. ದೇಶದ ಹೆಸರಲ್ಲಿ ತಪ್ಪಿದರೆ ಸುಮ್ಮನಿರುವ ಜನ ‘ಷೇ’ ತಪ್ಪಿದರೆ ತಿದ್ದುತ್ತಾರೆ. ಅದಕ್ಕಿಂತ ದೊಡ್ಡ ಅಪರಾಧ ತುಲೂಜ್‌ನಲ್ಲಿ ಒಂದೇ ಇದೆ: ಬೇಕರಿಯಲ್ಲಿ ಚಾಕೊಲೇಟ್ ತುಂಬಿದ ತಿಂಡಿಗೆ ‘ಪ್ಯಾಂ ಓ ಶೊಕೊಲಾ’ ಎಂದು ಕೇಳುವುದು. ಇಲ್ಲಿ ಅದು ‘ಶೊಕೊಲಾತಿನ್’.