ಪದವಿ ಇದೆ, ಕೆಲಸವಿದೆ, ಆದರೂ ಮೇಲೇರಲು ಆಗುತ್ತಿಲ್ಲ. ಇನ್ನೊಂದು ಪದವಿ ಪಡೆಯಲೇ, ಕೆಲಸ ಬದಲಿಸಲೇ?

ನಿಮ್ಮ ಪ್ರಶ್ನೆಯ ನಡುವೆ “ಯಾರ ಸಹಾಯವನ್ನೂ ಕೇಳದೆ ಇಲ್ಲಿಯವರೆಗೆ ಬಂದಿದ್ದೇನೆ” ಎಂಬ ಮಾತಿದೆ. ನಿಮ್ಮ ವಯಸ್ಸಿನಲ್ಲಿ ನಾನೂ ಇದೇ ಮಾತನ್ನು ಇಷ್ಟೇ ಹೆಮ್ಮೆಯಿಂದ ಆಡುತ್ತಿದ್ದೆ.

ನನ್ನ ತಂದೆ ಗಾರೆ ಕೆಲಸದವರು. ಒಮ್ಮೆ ಮೇಸ್ತ್ರಿಯಿಂದ ಮುಂಗಡ ಪಡೆದು, ಅದು ತೀರುವವರೆಗೆ ಎರಡು ವರ್ಷ ಅವನು ಹೇಳಿದ ಕೂಲಿಗೆ, ಹೇಳಿದ ಕಡೆ ದುಡಿದಿದ್ದರು. ಆಮೇಲೆ ಅವರು ನಮಗೆ ಹೇಳಿಕೊಟ್ಟದ್ದು ಒಂದೇ: ಯಾರ ಹಂಗಿಗೂ ಬೀಳಬೇಡಿ. ಮನೆಯಲ್ಲಿ ಮೊದಲ ಪದವೀಧರನಾದ ನಾನು ಆ ಮಾತನ್ನು ಕಟ್ಟಿಕೊಂಡೇ ಕಚೇರಿಯೊಂದರ ಲೆಕ್ಕಪತ್ರ ವಿಭಾಗಕ್ಕೆ ಸೇರಿದೆ.

ಅಲ್ಲಿದ್ದ ಹಿರಿಯ ಅಧಿಕಾರಿಯೊಬ್ಬರು ಬೇರೆ ಸಂಸ್ಥೆಗೆ ಹೋಗುವಾಗ, “ನಾನು ಹೋಗುತ್ತಿರುವಲ್ಲಿ ಒಂದು ಹುದ್ದೆ ತೆರವಾಗಲಿದೆ, ಮುಂದಿನ ವಾರ ನನಗೊಂದು ಫೋನ್ ಮಾಡಿ” ಎಂದು ಸಂಖ್ಯೆ ಬರೆದುಕೊಟ್ಟರು. ನಾನು ಮಾಡಲಿಲ್ಲ. ಅರ್ಹತೆ ಇದ್ದರೆ ತಾನಾಗಿ ಸಿಗುತ್ತದೆ ಎಂದುಕೊಂಡು, ಅವರ ಹೆಸರನ್ನು ಎಲ್ಲಿಯೂ ಸೂಚಿಸದೆ, ಎಲ್ಲರಂತೆ ಅರ್ಜಿ ಹಾಕಿದೆ. ಉತ್ತರವೇ ಬರಲಿಲ್ಲ. ಅವರು ನನ್ನ ವಿಷಯವನ್ನು ಮೇಲಿನವರಿಗೆ ಹೇಳಿ, ನನ್ನ ಕರೆಗಾಗಿ ಕಾದು, ನನಗೆ ಆಸಕ್ತಿಯಿಲ್ಲವೆಂದು ತಿಳಿದು ಸುಮ್ಮನಾಗಿದ್ದರು ಎಂಬುದು ಎರಡು ವರ್ಷಗಳ ಬಳಿಕ ಗೊತ್ತಾಯಿತು. ಅದೇ ಮೇಜಿನ ಹಿಂದೆ ನಾನು ಒಟ್ಟು ಒಂಬತ್ತು ವರ್ಷ ಕುಳಿತೆ.

ಏಕೆ ಕರೆ ಮಾಡಲಿಲ್ಲ ಎಂಬುದನ್ನು ನನಗೆ ನಾನೇ ಬಹಳ ಸಲ ವಿವರಿಸಿಕೊಂಡಿದ್ದೇನೆ. ಮೊದಲು ಕೊಟ್ಟುಕೊಂಡ ಕಾರಣ, ಅದು ವಶೀಲಿ ಎಂಬುದು. ಆದರೆ ಅರ್ಹನಲ್ಲದವನನ್ನು ಒಳಗೆ ನುಗ್ಗಿಸುವುದು ವಶೀಲಿ. ಇಂಥವನೊಬ್ಬನಿದ್ದಾನೆ, ಕೆಲಸ ಬಲ್ಲ ಎಂದು ತಿಳಿಸುವುದು ಬರೀ ಸುದ್ದಿ. ಇವೆರಡನ್ನು ನಾನು ಒಂದೇ ಎಂದು ಭಾವಿಸಿದ್ದೆ. ಎರಡನೆಯದು, ಬೇಡುತ್ತಿದ್ದೇನೆ ಎಂದು ಅವರು ತಿಳಿದಾರು ಎಂಬ ಸಂಕೋಚ. ಫೋನ್ ಮಾಡಲು ಹೇಳಿದವರೇ ಅವರು ಎಂಬುದು ಆಗ ತಲೆಗೆ ಹೋಗಲಿಲ್ಲ. ನಿಜವಾದ ಕಾರಣ ಇವೆರಡಕ್ಕಿಂತ ಸಣ್ಣದು, ಒಪ್ಪಿಕೊಳ್ಳಲು ನಾಚಿಕೆಯಾಗುವಂಥದ್ದು: ಅಂಥ ಕರೆಯಲ್ಲಿ ಮಾತು ಹೇಗೆ ಆರಂಭಿಸಬೇಕೆಂದು ನನಗೆ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಯಾರೂ ಅಂಥ ಕರೆ ಮಾಡಿದ್ದನ್ನು ನಾನು ಕೇಳಿರಲಿಲ್ಲ.

ಆ ಒಂಬತ್ತು ವರ್ಷಗಳ ನಡುವೆಯೇ, ನೀವು ಈಗ ಯೋಚಿಸುತ್ತಿರುವಂತೆ, ಸಂಜೆ ತರಗತಿಗಳಿಗೆ ಹೋಗಿ ಸ್ನಾತಕೋತ್ತರ ಪದವಿಯನ್ನೂ ಪಡೆದೆ. ಸಂಬಳ ಸ್ವಲ್ಪ ಏರಿತು, ಕುರ್ಚಿ ಬದಲಾಗಲಿಲ್ಲ. ಆದ್ದರಿಂದ ಪದವಿಯೋ ಕೆಲಸವೋ ಎಂಬ ನಿಮ್ಮ ಆಯ್ಕೆಯನ್ನೇ ನಾನು ಒಪ್ಪುವುದಿಲ್ಲ. ಹುಟ್ಟಿದ ಮನೆಯಿಂದ ಬರುವ ಬಂಡವಾಳ ಹಣವೊಂದೇ ಅಲ್ಲ, ನಡೆನುಡಿಯ ರೂಢಿಯೂ ಪರಿಚಯಗಳೂ ಬಂಡವಾಳವೇ ಎಂದು ಫ್ರೆಂಚ್ ಸಮಾಜಶಾಸ್ತ್ರಜ್ಞ ಪಿಯೆರ್ ಬೋರ್ದ್ಯೂ ವಾದಿಸಿದರು. ಅವರೂ ಹಳ್ಳಿಯ ಅಂಚೆ ನೌಕರರೊಬ್ಬರ ಮಗ. ಮತ್ತೊಬ್ಬ ಮೇಸ್ತ್ರಿಯ ಹಂಗಿಗೆ ಬೀಳದಂತೆ ನನ್ನ ತಂದೆಯನ್ನು ಕಾಪಾಡಿದ ರೂಢಿಯೇ ಕಚೇರಿಯಲ್ಲಿ ನನ್ನನ್ನು ಕಟ್ಟಿಹಾಕಿತು.

ಆಪ್ತರು ಸಾಕು ಎಂದೂ ಭಾವಿಸಬೇಡಿ. ಪರಿಚಿತರ ಮೂಲಕ ಕೆಲಸ ಪಡೆದವರನ್ನು ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರನೊವೆಟರ್ ಅಮೆರಿಕದಲ್ಲಿ ವಿಚಾರಿಸಿದಾಗ, ಆ ಪರಿಚಿತರನ್ನು ಆಗಾಗ್ಗೆ ಕಾಣುತ್ತಿದ್ದವರು ಶೇ 16.7 ಮಾತ್ರ ಎಂದು ತಿಳಿದುಬಂದಿತು. ಉಳಿದವರಿಗೆ ನೆರವಾದವರು ಆಗೊಮ್ಮೆ ಈಗೊಮ್ಮೆ ಅಥವಾ ಅಪರೂಪಕ್ಕೆ ಸಿಗುವವರು. ಇದನ್ನು ವಿವರಿಸಿದ ಅವರ 1973ರ ಲೇಖನದ ತರ್ಕ ಸರಳ: ಆಪ್ತರಿಗೆ ಗೊತ್ತಿರುವುದು ಬಹುಪಾಲು ನಮಗೂ ಗೊತ್ತಿರುತ್ತದೆ. ನನ್ನ ಆಪ್ತರೆಲ್ಲರಿಗೂ ಗೊತ್ತಿದ್ದುದು ಯಾವ ಕಟ್ಟಡದಲ್ಲಿ ಆಳು ಬೇಕಾಗಿದ್ದಾರೆ ಎಂಬುದು.

ಹಾಗೆಂದು ಎಲ್ಲವನ್ನೂ ನಿಮ್ಮ ತಲೆಗೆ ಕಟ್ಟುತ್ತಿಲ್ಲ. ಕೆಳ ಆದಾಯದ ಕುಟುಂಬವೊಂದರ ಸಂತತಿ ದೇಶದ ಸರಾಸರಿ ಆದಾಯವನ್ನು ಮುಟ್ಟಲು ಡೆನ್ಮಾರ್ಕ್‌ನಲ್ಲಿ 2 ತಲೆಮಾರು, ಕೊಲಂಬಿಯಾದಲ್ಲಿ 11 ತಲೆಮಾರು ಬೇಕಾದೀತು ಎಂದು 2018ರಲ್ಲಿ ಹಲವು ದೇಶಗಳ ಆರ್ಥಿಕ ಸಹಕಾರ ಸಂಘಟನೆಯಾದ ಒಇಸಿಡಿ ಅಂದಾಜಿಸಿತು. ಅಷ್ಟು ಅಂತರವನ್ನು ಒಬ್ಬರ ಶ್ರಮದಿಂದ ವಿವರಿಸಲಾಗದು.

ಕೊನೆಗೆ, ಅಷ್ಟೇನೂ ಪರಿಚಯವಿಲ್ಲದ ಸಹಪಾಠಿಯೊಬ್ಬನಿಗೆ ಪತ್ರ ಬರೆದು ನಾನು ಬೇರೆ ಕೆಲಸಕ್ಕೆ ಸೇರಿದೆ. ವಿಷಯ ತಿಳಿದ ತಂದೆ ಕೇಳಿದ ಮೊದಲ ಪ್ರಶ್ನೆ, “ಅವನಿಗೆ ನಾವೀಗ ಏನು ಕೊಡಬೇಕು?” ಏನೂ ಇಲ್ಲ ಎಂದರೆ ಅವರು ನಂಬಲೇ ಇಲ್ಲ.

ಸಂಪರ್ಕದಲ್ಲಿರು ಎಂದು ಹೇಳಿದ್ದ ಹಳೆಯ ಪ್ರಾಧ್ಯಾಪಕರನ್ನು ನೀವು ನಿಮ್ಮ ಪ್ರಶ್ನೆಯಲ್ಲಿ ಒಂದೇ ಸಾಲಿನಲ್ಲಿ ದಾಟಿಹೋಗಿದ್ದೀರಿ. ಹೊಸ ಪದವಿಗೆ ಶುಲ್ಕ ಕಟ್ಟುವ ಮೊದಲು ಅವರಿಗೆ ಬರೆಯಿರಿ. ಎರಡು ವಾಕ್ಯ ಸಾಕು: ಈಗ ಏನು ಮಾಡುತ್ತಿದ್ದೀರಿ, ಮುಂದೆ ಏನು ಮಾಡಬೇಕೆಂದಿದ್ದೀರಿ.